ಕೆಸರು ತಡೆದ ತಗಡು

ಪುಣೆಯಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತದೆ. ಮುಂಬಯಿಗೆ ಹೋಲಿಸಿದರೆ ಮೂರನೇ ಒಂದು ಪಾಲು. ಆದರೆ ಮಳೆಗಾಲದ ಜಿಟಿಜಿಟಿ ಹಿಡಿದರೆ ಬಿಡುವಂಥದ್ದಲ್ಲ. ಆಕಾಶ ತಿಳಿಯಾದ ಮೇಲೂ ರಸ್ತೆ ಒದ್ದೆಯಾಗಿಯೇ ಇರುತ್ತದೆ. ಮೇಲಿನ ನೀರಿಗೆ ರೇನ್‌ಕೋಟ್ ಉಂಟು. ಚಕ್ರ ಕೆಳಗಿನಿಂದ ಎತ್ತಿ ಎರಚುವ ಕೊಚ್ಚೆಗೆ ಮಡ್‌ಗಾರ್ಡ್ ಒಂದೇ ಗತಿ.

ಹೆಸರಿನಲ್ಲೇ ಅದರ ಕೆಲಸವಿದೆ. ಫ್ರೆಂಚರಿಗೂ ಅದು ‘ಗಾರ್ದ್-ಬೂ’, ಕೆಸರುಕಾವಲು. ಜರ್ಮನರು ‘ಶುಟ್ಸ್‌ಬ್ಲೆಖ್’ ಅಂದರೆ ಕಾಪಾಡುವ ತಗಡು ಎನ್ನುತ್ತಾರೆ. ಅಮೆರಿಕದವರ ‘ಫೆಂಡರ್’ ಮಾತ್ರ ‘ಡಿಫೆಂಡ್’ನ ತಲೆ ಕತ್ತರಿಸಿ ಉಳಿದ ಪದ, ಯಾವುದರಿಂದ ರಕ್ಷಣೆ ಎಂದು ಅದು ಹೇಳುವುದಿಲ್ಲ. ನಮ್ಮ ಕಡೆ ಬಂದದ್ದು ಬ್ರಿಟಿಷ್ ಪದ, ಬ್ರಿಟಿಷ್ ಸೈಕಲ್ಲಿನ ಜೊತೆಗೇ.

ಆ ಸೈಕಲ್ಲುಗಳ ವ್ಯಾಪಾರಕ್ಕೆ ಬಹಳ ಬೇಗ ಇಳಿದವರಲ್ಲಿ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಒಬ್ಬರು. 1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ರಾಮಣ್ಣನವರೊಡನೆ ಅವರು ತೆರೆದದ್ದು ಸೈಕಲ್ ಅಂಗಡಿ. ಆಗ ಸೈಕಲ್ ಉಳ್ಳವರ ಶೋಕಿ. ಅದು ದುಡಿಯುವವರ ವಾಹನವಾಗಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು: ಸ್ವಾತಂತ್ರ್ಯದ ನಂತರ ಅಂಬತ್ತೂರಿನ ಟಿಐ, ಆಸನ್‌ಸೋಲಿನ ಸೆನ್-ರ‍್ಯಾಲಿ, 1956ರಲ್ಲಿ ಲೂಧಿಯಾನದ ಹೀರೋ ಬಂದವು. ಅಷ್ಟರಲ್ಲಿ ಕಿರ್ಲೋಸ್ಕರರ ಉದ್ಯಮವೂ ಪುಣೆಯ ಖಡಕಿಗೆ ಬಂದು ಆಯಿಲ್ ಎಂಜಿನ್ ಮಾಡುತ್ತಿತ್ತು.

ಈ ಕಾರ್ಖಾನೆಗಳೆಲ್ಲ ಮಾಡಿದ ಕಪ್ಪು ರೋಡ್‌ಸ್ಟರ್ ಹೆಚ್ಚುಕಡಿಮೆ ಒಂದೇ: ರಾಡ್ ಬ್ರೇಕು, ಚೈನ್‌ಕೇಸು, ಎರಡೂ ಚಕ್ರಕ್ಕೆ ಉದ್ದನೆಯ ಉಕ್ಕಿನ ಮಡ್‌ಗಾರ್ಡು. ಹಿಂದಿನದರ ತುದಿಗೆ ಬಿಳಿ ಬಣ್ಣ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ದೀಪವಾರಿದ ರಸ್ತೆಗಳಲ್ಲಿ ಸವಾರ ಕಾಣಿಸಲೆಂದು ಕಡ್ಡಾಯವಾಗಿದ್ದ ಆ ಬಿಳಿ ಪಟ್ಟಿ, ಯುದ್ಧ ಮುಗಿದ ಎಷ್ಟೋ ಕಾಲದ ಮೇಲೂ ಇಲ್ಲಿ ಮುಂದುವರಿಯಿತು. ತೂಕದ ಲೆಕ್ಕ ಹಾಕುವವರಿಗೆ ಈ ಸೈಕಲ್ ನಗೆಪಾಟಲು. ಆದರೆ ಬಿಳಿ ಧೋತರದ ಗುಮಾಸ್ತ ಅದೇ ಬಟ್ಟೆಯಲ್ಲಿ ಕಚೇರಿ ಮುಟ್ಟಬೇಕಿತ್ತು. ಪುಣೆ ‘ಸೈಕಲ್ಲುಗಳ ಊರು’ ಎನಿಸಿಕೊಂಡದ್ದಕ್ಕೆ ಸಮತಟ್ಟು ಪೇಟೆಗಳು, ಕಾಲೇಜುಗಳು, ಖಡಕಿಯ ಮದ್ದುಗುಂಡು ಕಾರ್ಖಾನೆ ಎಲ್ಲ ಕಾರಣವೇ. ಆ ತಗಡನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸೈಕಲ್ಲನ್ನು ಬದಿಗೆ ಸರಿಸಿದ ಸ್ಕೂಟರ್ ಕೂಡ ಪುಣೆಯ ಪಕ್ಕದ ಆಕುರ್ಡಿಯಲ್ಲೇ ತಯಾರಾಯಿತು. ಬಜಾಜ್ ಮೊದಲು ಪರವಾನಗಿ ಪಡೆದು ಮಾಡಿದ್ದು ಇಟಲಿಯ ವೆಸ್ಪಾ. 1946ರಲ್ಲಿ ಅದನ್ನು ರೂಪಿಸಿದ ಕೊರಾದಿನೋ ದಸ್ಕಾನಿಯೋಗೆ ಮೋಟಾರ್‌ಸೈಕಲ್ ಎಂದರೆ ಆಗುತ್ತಿರಲಿಲ್ಲ. ಬಟ್ಟೆ ಕೊಳೆಯಾಗುತ್ತದೆ ಎಂಬುದು ಒಂದು ದೂರು. ಹಾಗಾಗಿ ಎಂಜಿನ್ನನ್ನು ಮುಚ್ಚಿದ, ಕಾಲಿನ ಮುಂದೆ ಗುರಾಣಿ ನಿಲ್ಲಿಸಿದ. ಒಂದರ್ಥದಲ್ಲಿ ವೆಸ್ಪಾ ಎಂದರೆ ಎಂಜಿನ್ ಇಟ್ಟುಕೊಂಡ ಮಡ್‌ಗಾರ್ಡು. 1972ರಲ್ಲಿ ಚೇತಕ್ ಬಂದಾಗ ಪುಣೆಯ ಮಧ್ಯಮವರ್ಗ ವರ್ಷಗಟ್ಟಲೆ ಸರದಿ ಕಾದದ್ದು ವೇಗಕ್ಕಾಗಿ ಮಾತ್ರ ಎಂದು ನಂಬುವುದು ಕಷ್ಟ.

ಸೈಕಲ್ ಮತ್ತೆ ಬಂದಾಗ ವೇಷ ಬದಲಾಗಿತ್ತು. ಗುಡ್ಡಗಾಡಿನ ಸೈಕಲ್ಲಿನ ಅನುಕರಣೆಗಳು, ಆಮೇಲೆ ರೇಸಿನವು. ಕೆಸರು ಮೆತ್ತಿದ ಬೆನ್ನು ಸಾಹಸದ ಗುರುತಾಯಿತು. ಭಾನುವಾರ ಸಿಂಹಗಡಕ್ಕೆ ಹೋಗಿಬರುವವರಿಗೆ ಅದರಿಂದ ನಷ್ಟವೇನಿಲ್ಲ. 2017ರಲ್ಲಿ ಮಹಾನಗರಪಾಲಿಕೆ ಸೈಕಲ್ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪಥ ಇದ್ದರೂ ಸೋಮವಾರ ಕೆಲಸಕ್ಕೆ ಹೊರಟವರ ಪ್ಯಾಂಟಿನ ಪ್ರಶ್ನೆ ಹಾಗೇ ಉಳಿಯುತ್ತದೆ.

ಅದಕ್ಕೆ ಉತ್ತರ ಹಳೆಯ ರೋಡ್‌ಸ್ಟರಿನಲ್ಲೇ ಇದೆ. ಮಡ್‌ಗಾರ್ಡ್ ಟಯರಿಗಿಂತ ಸುಮಾರು 10 ಮಿಲಿಮೀಟರ್ ಅಗಲವಿರಬೇಕು, ಚಕ್ರದ ಸುತ್ತನ್ನು ಅನುಸರಿಸಿ ಬಾಗಿರಬೇಕು, ನಡುವೆ ಮಣ್ಣು ಸಿಕ್ಕಿಕೊಳ್ಳದಷ್ಟು ಸಂದಿಯಿರಬೇಕು. ಮುಖ್ಯವಾದದ್ದು ಮುಂದಿನದು. ಹಿಂದಿನ ಚಕ್ರ ಬೆನ್ನಿಗೆ ಗೆರೆ ಎಳೆದರೆ, ಮುಂದಿನ ಚಕ್ರ ಬೂಟು ಮತ್ತು ಚೈನಿಗೆ ಮರಳುನೀರು ಹೊಡೆಯುತ್ತದೆ. ಆದ್ದರಿಂದ ಅದು ತೀರ ಕೆಳಗಿನವರೆಗೆ ಇಳಿಯಬೇಕು. ಸಾಲದಿದ್ದರೆ ತುದಿಗೊಂದು ರಬ್ಬರ್ ತುಂಡು. ಸೀಟಿನ ಕಂಬಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ ಬೆನ್ನನ್ನಷ್ಟೇ ಉಳಿಸೀತು. ಇನ್ನು ಪೂರ್ತಿ ಮಡ್‌ಗಾರ್ಡಿನ ಕಡ್ಡಿಗಳನ್ನು ಬಿಗಿಯಲು ಚಕ್ರದ ಅಚ್ಚಿನ ಬಳಿ ಫ್ರೇಮಿನಲ್ಲಿ ಎರಡು ಸಣ್ಣ ತೂತುಗಳು ಬೇಕು. ರೇಸಿನ ಎಷ್ಟೋ ಫ್ರೇಮುಗಳಲ್ಲಿ ಅವನ್ನು ಕೊರೆದೇ ಇರುವುದಿಲ್ಲ.