ಒಂದೇ ಜೈಲು, ಎರಡು ಡೈರಿ

ಕೆಂಗೇರಿ, ಅತ್ತಿಗುಪ್ಪೆ ಕಡೆಯಿಂದ ನೇರಳೆ ಮಾರ್ಗದ ಮೆಟ್ರೋ ಹತ್ತೋರು ಮೆಜೆಸ್ಟಿಕ್ ದಾಟಿ ಸೆಂಟ್ರಲ್ ಕಾಲೇಜು ಸ್ಟೇಷನ್‌ನಲ್ಲಿ ಇಳಿದರೆ, ಫ್ರೀಡಂ ಪಾರ್ಕ್‌ಗೆ ನಡೆದೇ ಹೋಗಬಹುದು. ನಮ್ಮ ಜನರೇಷನ್‌ಗೆ ಅದು ಪ್ರತಿಭಟನೆ ನಡೆಯೋ ಜಾಗ. ಆದರೆ ಹಿಂದೆ ಅದು ಬೆಂಗಳೂರು ಸೆಂಟ್ರಲ್ ಜೈಲು. ಆ ಗೋಡೆಗಳ ಒಳಗಿಂದ ಬಂದ ಎರಡು ಪುಸ್ತಕಗಳ ಕಥೆ ಇವತ್ತು ಹೇಳ್ತೀನಿ.

ಜೈಲಲ್ಲಿ ಬರೆದ ಪುಸ್ತಕ ಅಂದ ತಕ್ಷಣ ದೊಡ್ಡ ಹೆಸರುಗಳೇ ನೆನಪಾಗುತ್ತವೆ. ತಿಲಕರು ಮಂಡಾಲೆ ಜೈಲಿನಲ್ಲಿ 'ಗೀತಾ ರಹಸ್ಯ' ಬರೆದರು. ಅದನ್ನು ಕನ್ನಡಕ್ಕೆ ತಂದವರು ಆಲೂರು ವೆಂಕಟರಾಯರು. ನೆಹರೂ 'ಡಿಸ್ಕವರಿ ಆಫ್ ಇಂಡಿಯಾ' ಬರೆದಿದ್ದು ಅಹಮದ್‌ನಗರದ ಕೋಟೆಯಲ್ಲಿ. ಇದನ್ನೆಲ್ಲ ಕೇಳಿದಾಗ, ಜೈಲು ಅಂದ್ರೆ ಬರೆಯೋಕೆ ಪುರುಸೊತ್ತು ಸಿಗೋ ಜಾಗ ಅನ್ಸುತ್ತೆ. ನಾನು ಕಾಮರ್ಸ್ ಓದಿದ್ದು, ಹಾಗಾಗಿ ಲೆಕ್ಕ ಕೇಳೋ ಚಾಳಿ. ಒಂದು ಪುಸ್ತಕ ಹುಟ್ಟೋಕೆ ಏನೇನು ಬೇಕು?

1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಾಯಿತು. ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದ ಎಲ್.ಕೆ. ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಮರುದಿನವೇ ಇಲ್ಲಿ ಬಂಧನಕ್ಕೊಳಗಾದರು. ಅಡ್ವಾಣಿ ಒಟ್ಟು 19 ತಿಂಗಳು ಬಂಧನದಲ್ಲಿದ್ದರು, ಅದರಲ್ಲಿ ಹೆಚ್ಚಿನ ಕಾಲ ಇದೇ ಜೈಲಲ್ಲಿ. ವಿಚಾರಣೆ ಇಲ್ಲದ 19 ತಿಂಗಳು ಸಣ್ಣ ಅನ್ಯಾಯ ಅಲ್ಲ. ಆದರೂ ಅವರಿಗೆ ಜೊತೆಗಾರರಿದ್ದರು, ಓದೋಕೆ ಬರೆಯೋಕೆ ಅವಕಾಶ ಇತ್ತು. ಈ ತುರ್ತು ಪರಿಸ್ಥಿತಿಯನ್ನು ಹಿಟ್ಲರನ ಜರ್ಮನಿಗೆ ಹೋಲಿಸಿ ಅವರು ಬರೆದ ಲೇಖನ ಗುಟ್ಟಾಗಿ ಹೊರಗೆ ಹೋಗಿ ಹಂಚಿಕೆಯೂ ಆಯಿತು. ಅವರ ಜೈಲು ಡೈರಿ 1978ರಲ್ಲಿ 'ಎ ಪ್ರಿಸನರ್ಸ್ ಸ್ಕ್ರ್ಯಾಪ್‌ಬುಕ್' ಅಂತ ಪ್ರಕಟವಾಯಿತು.

ಎರಡನೇ ಡೈರಿ ಸ್ನೇಹಲತಾ ರೆಡ್ಡಿ ಅವರದು. 'ಸಂಸ್ಕಾರ' ಸಿನಿಮಾದ ಚಂದ್ರಿ ಅಂದ್ರೆ ಗೊತ್ತಾಗುತ್ತೆ. ಅದರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಪತಿ. ಜಾರ್ಜ್ ಫರ್ನಾಂಡಿಸ್ ಜೊತೆಗಿದ್ದ ಸ್ನೇಹದ ಕಾರಣ, ಬರೋಡಾ ಡೈನಮೈಟ್ ಪ್ರಕರಣದ ಅನುಮಾನದ ಮೇಲೆ 1976ರ ಮೇ 2ರಂದು ಅವರನ್ನು ಬಂಧಿಸಿದರು. ಕೊನೆಗೆ ಸಲ್ಲಿಕೆಯಾದ ಆರೋಪಪಟ್ಟಿಯಲ್ಲಿ ಜಾರ್ಜ್ ಮತ್ತು ಇತರ 24 ಜನರ ಹೆಸರಿತ್ತು. ಸ್ನೇಹಲತಾ ಹೆಸರೇ ಇರಲಿಲ್ಲ! ಆದರೂ ಬಿಡಲಿಲ್ಲ, ಮೀಸಾ ಕಾಯ್ದೆಯಡಿ ಎಂಟು ತಿಂಗಳು ಒಳಗಿಟ್ಟರು.

ಅವರಿಗೆ ತೀವ್ರ ಅಸ್ತಮಾ ಇತ್ತು. ಚಿಕ್ಕ ಕೋಣೆ, ಒಂದು ಕಡೆ ಕಬ್ಬಿಣದ ಸರಳು, ಇನ್ನೊಂದು ಕಡೆ ಶೌಚಕ್ಕೆ ಅಂತ ಒಂದು ತೂತು. ಸರಿಯಾದ ಚಿಕಿತ್ಸೆ ಇಲ್ಲ. ರಾತ್ರಿಯ ನಿಶ್ಶಬ್ದದಲ್ಲಿ ಅವರ ಚೀರಾಟ ತಮಗೆ ಕೇಳಿಸುತ್ತಿತ್ತು ಅಂತ ಅದೇ ಜೈಲಲ್ಲಿದ್ದ ದಂಡವತೆ ಆಮೇಲೆ ಬರೆದಿದ್ದಾರೆ.

ಉಸಿರಾಟವೇ ಕಷ್ಟವಾಗಿದ್ದ ಆ ಸ್ಥಿತಿಯಲ್ಲೂ ಅವರು ಡೈರಿ ಬರೆದರು. ಅದರಲ್ಲಿ ಬರೀ ತಮ್ಮ ಗೋಳಿಲ್ಲ. ಹೊಸದಾಗಿ ಬಂದ ಹೆಂಗಸರ ಬಟ್ಟೆಯನ್ನು ಎಲ್ಲರೆದುರು ಬಿಚ್ಚಿಸೋದು ಯಾವ ನ್ಯಾಯ ಅಂತ ಕೇಳ್ತಾರೆ. ತಾವು ಹಟ ಹಿಡಿದ ಮೇಲೆ ಮಹಿಳಾ ಕೈದಿಗಳಿಗೆ ಬೀಳ್ತಿದ್ದ ಹೊಡೆತ ನಿಂತಿದ್ದನ್ನು, ಊಟ ಸ್ವಲ್ಪ ಸುಧಾರಿಸಿದ್ದನ್ನು ದಾಖಲಿಸ್ತಾರೆ. ಆ ಹೆಂಗಸರು ಸಂಸದರಲ್ಲ, ಸಿನಿಮಾದವರಲ್ಲ. ಅವರ ಬಗ್ಗೆ ಬೇರೆ ಯಾರು ಬರೀತಿದ್ದರು ಹೇಳಿ?

ಈಗ ತಾರೀಖುಗಳನ್ನ ಗಮನಿಸಿ. 1977ರ ಜನವರಿ 15, ಸ್ನೇಹಲತಾಗೆ ಪೆರೋಲ್. ಜನವರಿ 18, ಚುನಾವಣೆ ಘೋಷಣೆ, ಅಡ್ವಾಣಿ ಬಿಡುಗಡೆ. ಜನವರಿ 20, ಸ್ನೇಹಲತಾ ಸಾವು. ಅದೇ ವರ್ಷ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಅವರ ಡೈರಿಯನ್ನು 'ಎ ಪ್ರಿಸನ್ ಡೈರಿ' ಹೆಸರಲ್ಲಿ ಪ್ರಕಟಿಸಿತು. ಲೇಖಕಿ ತನ್ನ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಲೇ ಇಲ್ಲ.

ನನ್ನ ಲೆಕ್ಕ ಇಷ್ಟೇ. ಜೈಲು ಯಾರಿಗೂ ಪುಸ್ತಕ ಕೊಡಲ್ಲ. ಹಾಳೆ, ಬೆಳಕು, ಆರೋಗ್ಯ, ಜೊತೆ ಸಿಕ್ಕವರು ಬರೀತಾರೆ. ಅದ್ಯಾವುದೂ ಸರಿಯಾಗಿ ಸಿಗದೆಯೂ ಕೆಲವರು ಬರೀತಾರೆ. ಕೀನ್ಯಾದ ಗೂಗಿ ವಾ ಥಿಯಾಂಗೊ ಜೈಲಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಕಾದಂಬರಿ ಬರೆದರು. ಆದರೆ ಬರೆಯೋಕಾಗದೆ ಹೋದವರ ಲೆಕ್ಕ ಯಾವ ಲೈಬ್ರರಿಯಲ್ಲೂ ಇಲ್ಲ.

ಫ್ರೀಡಂ ಪಾರ್ಕ್‌ನಲ್ಲಿ ಹಳೇ ಬ್ಯಾರಕ್ಕು, ಕಾವಲು ಗೋಪುರ ಈಗಲೂ ಇವೆ. ಮುಂದಿನ ಸಲ ಆ ಕಡೆ ಹೋದಾಗ ಒಳಗೆ ಹೋಗಿ ನೋಡಿ. ಎರಡು ಡೈರಿಗಳಲ್ಲಿ ಮೊದಲು ಯಾವುದು ಓದಬೇಕು ಅಂತ ಕೇಳಿದ್ರೆ, ಚಿಕ್ಕದನ್ನ ಓದಿ ಅಂತೀನಿ. ಮುಂದಿನ ವಾರ ಸಿಗೋಣ.