ಟ್ರಂಕಿನಲ್ಲಿ ಮಲಗಿದ ಕಾಂಚನ್

ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಕಡೆಯ ಹಳೇ ಮನೆಗಳಲ್ಲಿ ಟ್ರಂಕು ತೆಗೆದು ನೋಡಿ, ಮದುವೆ ಫೋಟೋ ಪಕ್ಕದಲ್ಲಿ ಒಂದು ಎಚ್‌ಎಂಟಿ ವಾಚ್ ಸಿಕ್ಕರೂ ಸಿಗಬಹುದು. ಅದು ಕಾಂಚನ್ ಆಗಿದ್ರಂತೂ ಕೇಳೋದೇ ಬೇಡ. ಅಳಿಯನ ಕೈಗೆ ಕಾಂಚನ್ ಕಟ್ಟೋದು ಒಂದು ಕಾಲಕ್ಕೆ ಬೀಗರ ಮುಂದೆ ಮರ್ಯಾದೆಯ ಪ್ರಶ್ನೆ. ವರದಕ್ಷಿಣೆ ಪಟ್ಟಿಯಲ್ಲೂ ಅದು ಸೇರಿತ್ತು, ಮುಚ್ಚಿಡೋದೇನಿದೆ?

ಎತ್ತಿ ಅಲ್ಲಾಡಿಸಿದ್ರೆ ನಾಲ್ಕು ಸಲ ಟಿಕ್ ಅಂದು ನಿಲ್ಲುತ್ತೆ. ‘ಸೆಲ್ ಹೋಗಿದೆ’ ಅಂತಾರೆ ಹುಡುಗ್ರು. ಅದರಲ್ಲಿ ಸೆಲ್ಲೇ ಇಲ್ಲ ಸ್ವಾಮಿ!

ಎಚ್‌ಎಂಟಿ ಹುಟ್ಟಿದ್ದು ವಾಚ್ ಮಾಡೋಕಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು ಯಂತ್ರ ಮಾಡುವ ಯಂತ್ರಗಳ ಕಾರ್ಖಾನೆ. ರಾಣೆಬೆನ್ನೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರೆ ದಾಟಿದ್ರೆ ಹರಿಹರ, ಅಲ್ಲಿ ಮೈಸೂರು ಕಿರ್ಲೋಸ್ಕರ್ 1941ರಿಂದಲೇ ಲೇತ್‌ಗಳ ಹೆಸರು. ಲೋಹವನ್ನ ಕೂದಲೆಳೆ ಲೆಕ್ಕದಲ್ಲಿ ಕೆತ್ತೋದು ಬಂದ್ರೇನೇ ಗಡಿಯಾರದ ಗಾಲಿ ಮಾಡೋಕೆ ಬರೋದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಕೈಜೋಡಿಸಿ ಎಚ್‌ಎಂಟಿ ವಾಚಿಗೆ ಇಳೀತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು.

ಜನತಾ, ಪೈಲಟ್‌ಗೆ ದಿನಾ ಕೀ ಕೊಡಬೇಕು. ಕಾಂಚನ್ ಆಟೋಮ್ಯಾಟಿಕ್. ಜಾನ್ ಹಾರ್ವುಡ್ ಅನ್ನೋ ಇಂಗ್ಲಿಷ್ ವಾಚ್ ರಿಪೇರಿಗಾರ 1920ರ ದಶಕದಲ್ಲಿ ಕೈಗಡಿಯಾರಕ್ಕೆ ತಂದ ಉಪಾಯ ಇದು. ಒಳಗೊಂದು ತೂಕದ ಲೋಹದ ತುಂಡು. ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗ್ ಸುತ್ತುತ್ತೆ. ಇಂಥ ವಾಚುಗಳಲ್ಲಿ ಪೂರ್ತಿ ಸುತ್ತಿದ ಸ್ಪ್ರಿಂಗ್ ಸಾಮಾನ್ಯವಾಗಿ ಒಂದೂವರೆ ದಿನದಷ್ಟು ನಡೆಸುತ್ತೆ. ಅಂದ್ರೆ ಟ್ರಂಕಿನಲ್ಲಿಟ್ಟ ವಾಚ್ ನಿಲ್ಲೋದು ರೋಗವೇ ಅಲ್ಲ.

ಕೈಗೆ ಕಟ್ಟಿ ದಿನವಿಡೀ ಓಡಾಡಿದ್ರೂ ರಾತ್ರಿ ನಿಲ್ತಾ? ಎಣ್ಣೆ ಒಣಗಿ ಅಂಟಾಗಿರಬೇಕು. ದಿಢೀರಂತ ನಿಮಿಷಗಟ್ಟಲೆ ಮುಂದೆ ಓಡ್ತಾ? ಸ್ಪೀಕರ್ ಮೇಲೆ ಇಟ್ಟಿದ್ರಾ ನೆನಪು ಮಾಡ್ಕೊಳಿ. ಅಯಸ್ಕಾಂತ ತಾಗಿದ್ರೆ ಕೂದಲಿನಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ತವೆ, ಬಿಡಿಸೋದು ಎರಡು ನಿಮಿಷದ ಕೆಲಸ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ ಮಾತ್ರ ತಾರೀಖು ತಿರುಗಿಸಬೇಡಿ. ಆಗ ಹಲ್ಲುಗಳು ಕಚ್ಚಿಕೊಂಡಿರ್ತವೆ, ಮುರಿದ್ರೆ ಮುಗೀತು. ಬ್ಯಾಡಗಿ ಮಾರ್ಕೆಟಿನಲ್ಲಿ ಮೆಣಸಿನಕಾಯಿ ವ್ಯವಹಾರ ಮಾಡೋರು ಹಿಂದಿನ ಮುಚ್ಚಳದ ರಬ್ಬರ್ ರಿಂಗ್ ಬದಲಾಯಿಸಿಕೊಳ್ಳೋದು ಒಳ್ಳೇದು. ಆ ಧೂಳು ಮೂಗನ್ನೇ ಬಿಡಲ್ಲ, ವಾಚನ್ನ ಬಿಡುತ್ತಾ?

ಮುರಿದ್ರೆ ಮುಗೀತು ಅಂದೆನಲ್ಲ, ಅದಕ್ಕೂ ಕಾರಣ ಇದೆ. ಟೈಟನ್‌ಗಿಂತ ಮೊದಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚ್ ಮಾಡಿತ್ತು. ಆದ್ರೆ ಕೀಲಿ ವಾಚಿನ ಮೇಲಿನ ಭರವಸೆ ಬಿಡಲಿಲ್ಲ. ಹೊಸೂರಿನ ಟೈಟನ್ ಬಂದು ವಾಚನ್ನ ಅಂದದ ವಸ್ತು ಮಾಡಿ ಮಾರಿತು. ಸೋತದ್ದು ಎಚ್‌ಎಂಟಿಯ ಕುಶಲತೆ ಅಂತ ನಾನು ಒಪ್ಪಲ್ಲ. ಅಂಗಡಿಯ ಗಾಜಿನ ಹಿಂದೆ ಏನಿಡಬೇಕು ಅನ್ನೋ ನಿರ್ಧಾರ ಸೋತಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು.

ಈಗ ಹಳೇ ಕಾಂಚನ್‌ಗೆ ಬಿಡಿಭಾಗ ಬೇಕಂದ್ರೆ ಇನ್ನೊಂದು ಕಾಂಚನ್ ಬಿಚ್ಚಬೇಕು. ಅದಕ್ಕೇ ಹೇಳೋದು, ಡಯಲ್‌ಗೆ ಹೊಸ ಬಣ್ಣ ಹೊಡೆಸಿ ‘ಹೊಸದು’ ಮಾಡಿಸಬೇಡಿ. ಮಸುಕಾದ ಅಕ್ಷರ ಹಾಗೇ ಇರಲಿ, ಒಳಗಿನ ಎಣ್ಣೆ ಮಾತ್ರ ಬದಲಾಗಲಿ. ಬಿಚ್ಚಿದ ಹಳೇ ಚೂರುಗಳನ್ನೂ ಪೊಟ್ಟಣ ಕಟ್ಟಿಸಿ ವಾಪಸ್ ತಗೊಳ್ಳಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವ ಹಿರಿಯ ರಿಪೇರಿಗಾರರು ನಿಮ್ಮೂರ ಪೇಟೆಯಲ್ಲಿ ಇನ್ನೂ ಒಬ್ಬರಿದ್ದರೆ, ಈ ವಾರವೇ ಹೋಗಿ.