ಗಾವುಂಡನಿಂದ ಲೀಡರ್‌ವರೆಗೆ: ಬೆಂಗಳೂರು ಗ್ರಾಮಾಂತರದಲ್ಲಿ ಮುಂದಾಳ್ತನದ ಚರಿತ್ರೆ

ಇಂಗ್ಲಿಷಿನಲ್ಲಿ ‘ಲೀಡರ್’ ಹಳೆಯ ಪದ. ‘ಲೀಡರ್‌ಶಿಪ್’ ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ಮೊದಮೊದಲು ಅದು ಒಂದು ಪಕ್ಷದ, ಗುಂಪಿನ ಮುಖ್ಯಸ್ಥನ ಸ್ಥಾನವನ್ನು ಹೇಳುತ್ತಿತ್ತು. ತರಬೇತಿಯಿಂದ ಬೆಳೆಸಿಕೊಳ್ಳಬಹುದಾದ ವ್ಯಕ್ತಿಗುಣ ಎಂಬ ಅರ್ಥ ಬಲಿತದ್ದು ಆಮೇಲೆ. ಇಂದು ಕಾಲೇಜುಗಳ ನಾಯಕತ್ವ ಶಿಬಿರಗಳಲ್ಲಿ ಕೇಳಿಬರುವುದು ಈ ಎರಡನೆಯ ಅರ್ಥವೇ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಸೀಮೆಯ ಚರಿತ್ರೆಯನ್ನು ಈ ಅರ್ಥ ಹಿಡಿದು ಓದಲು ಹೊರಟರೆ ದಾರಿ ತಪ್ಪುತ್ತದೆ. ಇಲ್ಲಿ ಮುಂದಾಳ್ತನವು ಬಹುಕಾಲ ಕೆರೆಗೆ, ಹೊಲಕ್ಕೆ, ಊರಿನ ಎಲ್ಲೆಗೆ ಕಟ್ಟಿಬಿದ್ದ ಹೊಣೆಯಾಗಿತ್ತು. ಆ ಹೊಣೆ ಒಬ್ಬನದಷ್ಟೇ ಆಗಿರಲಿಲ್ಲ ಎಂಬುದು ಈ ಲೇಖನದ ವಾದ.

ಈ ನಾಲ್ಕೂ ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೆಯ ಸಂಪುಟದಲ್ಲಿವೆ. ಗಂಗರ ಮಾನ್ಯಪುರವಾಗಿದ್ದ ಮಣ್ಣೆ ಇರುವುದು ನೆಲಮಂಗಲ ತಾಲ್ಲೂಕಿನಲ್ಲಿ. ಗಂಗರ ಕಾಲದ ಬರಹಗಳಲ್ಲಿ ಊರಿನ ಮುಖ್ಯಸ್ಥ ‘ಗಾಮುಂಡ’. ಅದೇ ಮುಂದೆ ಗಾವುಂಡ, ಗೌಂಡ, ಗೌಡ ಆಯಿತು. ದತ್ತಿಗೆ ಸಾಕ್ಷಿ ನಿಲ್ಲುವವನು ಅವನು, ಕೆರೆ ಕಟ್ಟಿಸುವವನು ಅವನು, ತುರುಗಳನ್ನು ಹಿಡಿದೊಯ್ದಾಗ ಬೆನ್ನಟ್ಟಿ ಸಾಯುವವರಲ್ಲೂ ಅವನಿದ್ದಾನೆ. ಪ್ರತಿ ಹೊಣೆಗೂ ನೆಲದ ಲೆಕ್ಕವಿತ್ತು. ಕೆರೆ ಕಟ್ಟಿದವನಿಗೆ ಬಿಟ್ಟುವಟ್ಟ, ಕಾದಿದವನಿಗೆ ಬಾಳ್ಗಳ್ಚು, ಮಡಿದವನ ಮನೆಯವರಿಗೆ ನೆತ್ತರುಗೊಡಗೆ. ಸುಮಾರು ಕ್ರಿ.ಶ. 900ರ ಬೇಗೂರಿನ ಪ್ರಸಿದ್ಧ ವೀರಗಲ್ಲು ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ನಾಗತ್ತರನೆಂಬ ವೀರ ಯುದ್ಧದಲ್ಲಿ ಸತ್ತಾಗ ಗಂಗ ದೊರೆ ಎರೆಯಪ್ಪ ‘ನಾಗತ್ತರ ಪಟ್ಟ’ವನ್ನು ಇರುಗನೆಂಬವನಿಗೆ ಕಟ್ಟಿ, ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ (ವೀರನ ನೆನಪಿನ ದತ್ತಿಯಾಗಿ) ಕೊಟ್ಟ. ಸತ್ತವನ ಹೆಸರೇ ಒಂದು ಸ್ಥಾನದ ಹೆಸರಾಯಿತು. ವ್ಯಕ್ತಿ ಹೋದರೂ ಹೊಣೆ ಉಳಿಯಿತು.

ಗಾವುಂಡರು ಶಾಸನಗಳಲ್ಲಿ ಗುಂಪಾಗಿಯೇ ಹೆಚ್ಚು ಕಾಣಿಸುತ್ತಾರೆ. ಹೊಯ್ಸಳರ ಕಾಲದ ಕನ್ನಡ ಶಾಸನಗಳಲ್ಲಿ ಪ್ರಭುಗಾವುಂಡರ ಜೊತೆಗೆ ಜನರ ಕಡೆಯ ಪ್ರಜೆಗಾವುಂಡರೂ ಬರುತ್ತಾರೆ. ಚೋಳರ ಆಳ್ವಿಕೆಯ ನಂತರ ಈ ಸೀಮೆಯಲ್ಲಿ ಹೆಚ್ಚಿದ ತಮಿಳು ಶಾಸನಗಳಲ್ಲೂ ‘ಕಾಮುಂಡನ್’ ಉಳಿದುಕೊಂಡಿದ್ದಾನೆ. ರಾಜ್ಯ ಬದಲಾಯಿತು, ಬರೆಯುವ ಭಾಷೆ ಬದಲಾಯಿತು, ಊರಿನ ಈ ಏರ್ಪಾಡು ಬದಲಾಗಲಿಲ್ಲ. ನನಗೆ ಇದು ಇಡೀ ಚರಿತ್ರೆಯಲ್ಲೇ ಅತ್ಯಂತ ಮಹತ್ವದ ಸಂಗತಿ ಎನ್ನಿಸುತ್ತದೆ.

ವಿಜಯನಗರದ ಕಾಲಕ್ಕೆ ಗೌಡರಲ್ಲೇ ಕೆಲವರು ನಾಡಪ್ರಭುಗಳಾದರು. ದೇವನಹಳ್ಳಿ ಬಳಿಯ ಆವತಿಯಲ್ಲಿ ನೆಲೆ ನಿಂತ ರಣಭೈರೇಗೌಡನ ಮೊರಸು ಒಕ್ಕಲಿಗ ವಂಶದ ಕವಲುಗಳು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳಲ್ಲಿ ಬೇರುಬಿಟ್ಟವು. ದೇವನಹಳ್ಳಿಯ ಕೋಟೆಯನ್ನು 1501ರಲ್ಲಿ ಮಲ್ಲಭೈರೇಗೌಡ ಕಟ್ಟಿಸಿದ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡ ಯಲಹಂಕ ಕವಲಿನವನು. ಹೊಸಕೋಟೆಯನ್ನು ಕಟ್ಟಿಸಿದವನು ಸುಗಟೂರಿನ ತಮ್ಮೇಗೌಡ; ವಿಜಯನಗರದಿಂದ ‘ಚಿಕ್ಕರಾಯ’ ಎಂಬ ಬಿರುದು ಪಡೆದರೂ ಹೆಸರಿನ ಕೊನೆಯ ‘ಗೌಡ’ ಹೋಗಲಿಲ್ಲ. ಇವರ ಕೋಟೆಗಳಿಗಿಂತ ಕೆರೆಗಳೇ ಹೆಚ್ಚು ಕಾಲ ಬಾಳಿದವು. 1749ರಲ್ಲಿ ದೇವನಹಳ್ಳಿ ಮೈಸೂರಿನ ವಶವಾಯಿತು. ಹೈದರ್ ಅಲಿ ಮೊದಲು ಹೆಸರು ಮಾಡಿದ್ದು ಆ ಮುತ್ತಿಗೆಯಲ್ಲೇ.

ಆಮೇಲೆ ಉಳಿದದ್ದು ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿಯರ ವ್ಯವಸ್ಥೆ. 1908ರ ಮೈಸೂರು ಗ್ರಾಮ ಹುದ್ದೆಗಳ ಕಾಯ್ದೆ ಇದನ್ನು ವಂಶಪಾರಂಪರ್ಯದ ಹಕ್ಕಾಗಿ ಬಿಗಿಗೊಳಿಸಿತು. ಇಲ್ಲಿ ಹಳೆಯದನ್ನು ಹೊಗಳುವುದಕ್ಕೆ ನನಗೆ ಮನಸ್ಸಿಲ್ಲ. ಕಂದಾಯ ಎತ್ತುವ ಅಧಿಕಾರ ಒಂದು ಮನೆಗೆ, ಲೆಕ್ಕ ಬರೆಯುವ ಅಧಿಕಾರ ಇನ್ನೊಂದು ಮನೆಗೆ, ಬಿಟ್ಟಿ ಚಾಕರಿಯ ಭಾರವೆಲ್ಲ ದಲಿತ ಕೇರಿಗೆ ಎಂದು ಅದು ಹುಟ್ಟಿನಲ್ಲೇ ಹಂಚಿತು. ನೀರು ಬಿಡುವ ನೀರಗಂಟಿಗೆ ಕೆರೆ, ತೂಬು, ಗದ್ದೆ ಎಲ್ಲ ಅಂಗೈಯಷ್ಟು ಪರಿಚಿತ. ಆದರೂ ಅವನನ್ನು ಯಾರೂ ಮುಂದಾಳು ಎಂದು ಕರೆಯಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಈ ಹಕ್ಕನ್ನು ಮುಗಿಸಿತು. 1983ರ ಕಾಯ್ದೆಯಡಿ 1987ರಲ್ಲಿ ನಡೆದ ಮಂಡಲ ಪಂಚಾಯ್ತಿ ಚುನಾವಣೆಗಳಲ್ಲಿ ಮಹಿಳೆಯರಿಗೆ ಶೇ. 25 ಮೀಸಲು ಇತ್ತು. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಮೂರನೇ ಒಂದಕ್ಕೇರಿಸಿತು, 2010ರಲ್ಲಿ ಅರ್ಧವಾಯಿತು. ಸಾವಿರ ವರ್ಷದ ಗಾವುಂಡರ ಸಾಲಿಗೆ ಗೌಡರ ಮನೆಯವರಲ್ಲದ ಹೆಣ್ಣುಮಕ್ಕಳೂ ಸೇರಿದ್ದು ಹೀಗೆ.

ಮುಂದಾಳ್ತನದ ಬಗ್ಗೆ ಈಗಿನ ಮಾತಿನಲ್ಲಿ ಎರಡು ಪದರಗಳಿವೆ. ‘ನಮ್ಮೂರ ಲೀಡರು’ ಎಂದರೆ ಪಕ್ಷದ ಸಂಪರ್ಕವಿರುವವನು, ಕೆಲಸ ಮಾಡಿಸಿಕೊಡುವವನು. ‘ಅವರು ಮುಂದೆ ನಿಂತು ಜಾತ್ರೆ ಮಾಡಿಸಿದರು’ ಎಂಬಲ್ಲಿ ಬಿರುದಿಲ್ಲ, ಮಾಡಿದ ಕೆಲಸ ಮಾತ್ರ ಇದೆ. 2022ರ ನವೆಂಬರಿನಲ್ಲಿ ದೇವನಹಳ್ಳಿ ತಾಲ್ಲೂಕಿನಲ್ಲಿರುವ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ 108 ಅಡಿಯ ಕೆಂಪೇಗೌಡ ಪ್ರತಿಮೆ ಒಬ್ಬನೇ ನಾಯಕನನ್ನು ಎತ್ತಿ ನಿಲ್ಲಿಸುತ್ತದೆ. ಅದೇ ವರ್ಷದ ಏಪ್ರಿಲ್‌ನಲ್ಲಿ, ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ, ಕೈಗಾರಿಕೆಗಾಗಿ 13 ಹಳ್ಳಿಗಳ 1,777 ಎಕರೆ ವಶಪಡಿಸಿಕೊಳ್ಳುವುದರ ವಿರುದ್ಧ ರೈತರು ಧರಣಿ ಕೂತಿದ್ದರು. ಅವರನ್ನು ಮುನ್ನಡೆಸಿದ್ದು ಒಂದು ಸಮಿತಿ. ಮೂರು ವರ್ಷಕ್ಕೂ ಮಿಕ್ಕಿ ನಡೆದ ಆ ಹೋರಾಟದ ಮುಂದೆ ಸರ್ಕಾರ 2025ರ ಜುಲೈ 15ರಂದು ಭೂಸ್ವಾಧೀನವನ್ನು ಕೈಬಿಟ್ಟಿತು; ಜಮೀನು ಕೊಡಲು ತಾವಾಗಿ ಒಪ್ಪುವವರು ಕೊಡಬಹುದು ಎಂದಿತು. ಶಾಸನಗಳ ಪ್ರಜೆಗಾವುಂಡರನ್ನು ಅರ್ಥಮಾಡಿಕೊಳ್ಳಲು ಹೊರಟ ಸಂಶೋಧಕರು ಈ ಧರಣಿಯ ಸಭೆಗಳು ಹೇಗೆ ನಡೆದವು, ತೀರ್ಮಾನಗಳು ಹೇಗಾದವು, ಯಾವ ಮನೆಯಿಂದ ಯಾರು ಬಂದು ಕೂತರು ಎಂಬುದನ್ನು ಈಗಲೇ, ಅಲ್ಲಿದ್ದವರ ಬಾಯಿಂದಲೇ ಕೇಳಿ ದಾಖಲಿಸಬೇಕು.